ಗಾಡಿ ಎಲ್ಲಿ ನಿಲ್ಲಿಸೋದು?

ವ್ಯಾನಿನಲ್ಲೇ ಸಂಸಾರ ಮಾಡುವವರಿಗೆ ಮಧ್ಯಾಹ್ನ ಮೂರು ದಾಟಿತು ಅಂದರೆ ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿರುತ್ತದೆ. ಇವತ್ತು ರಾತ್ರಿ ಗಾಡಿ ಎಲ್ಲಿ ನಿಲ್ಲಿಸೋದು? ಜಾಗ ಒಳ್ಳೆಯದು ಸಿಕ್ಕರೆ ನೀರು, ನಿದ್ದೆ, ಕರೆಂಟು, ಬಚ್ಚಲು ಎಲ್ಲ ತಾನಾಗೇ ಸರಿಹೋಗುತ್ತವೆ. ಜಾಗ ಕೆಟ್ಟದ್ದಾದರೆ ಒಳಗೆ ಎಷ್ಟೇ ದುಡ್ಡು ಸುರಿದು ಏನೇ ಕಟ್ಟಿಸಿದ್ದರೂ ಆ ರಾತ್ರಿ ಕೆಟ್ಟಿತು ಅಂತಲೇ. ನಾನೂ ನನ್ನ ಹೆಂಡತಿಯೂ ಕೆಲವು ವರ್ಷಗಳಿಂದ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಹೀಗೇ ಇದ್ದೇವೆ. ಬೇರೆ ಮನೆ ಇಲ್ಲ. ಆಧಾರ್, ರೇಷನ್ ಕಾರ್ಡಿಗೆ ಮಾತ್ರ ವಿಜಯಪುರದಲ್ಲಿರುವ ತಮ್ಮನ ಮನೆ ವಿಳಾಸ.

ನಾನು ಕಾಟಾ ರಿಪೇರಿ ಮಾಡುವವನು. ಕಾಟಾ ಅಂದರೆ ಲಾರಿ, ಟ್ರ್ಯಾಕ್ಟರ್ ತೂಗುವ ವೇ ಬ್ರಿಜ್. ಸಕ್ಕರೆ ಕಾರ್ಖಾನೆ, ಎಪಿಎಂಸಿ, ಕಲ್ಲಿನ ಕ್ರಷರ್, ಜಿನ್ನಿಂಗ್ ಮಿಲ್, ಎಲ್ಲ ಕಡೆ ಇರುತ್ತದೆ. ಅದರ ಅಡಿಯಲ್ಲಿ ಭಾರ ಅಳೆಯುವ ಲೋಡ್ ಸೆಲ್‌ಗಳು ಸಿಡಿಲಿಗೆ ಸುಡುತ್ತವೆ, ಕೇಬಲ್ಲನ್ನು ಇಲಿ ಕಡಿಯುತ್ತದೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಕಾಟಾ ನಿಂತರೆ ಕಬ್ಬಿನ ಗಾಡಿಗಳ ಸಾಲು ರಸ್ತೆಗೆ ಬರುತ್ತದೆ. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ, ರೈತನಿಗೆ ಒಂದೊಂದು ತಾಸೂ ನಷ್ಟ. ಹಾಗಾಗಿ ನನಗೆ ಫೋನ್ ಬರುವುದಕ್ಕೆ ಹೊತ್ತುಗೊತ್ತು ಅಂತಿಲ್ಲ. ಇವತ್ತು ಜಮಖಂಡಿ, ನಾಳೆ ಅಥಣಿ, ನಾಡಿದ್ದು ಇಂಡಿ. ಬಾಡಿಗೆ ಮನೆ ಬೀಗ ಹಾಕಿಯೇ ಇರುತ್ತಿತ್ತು, ಬಾಡಿಗೆ ಮಾತ್ರ ತಪ್ಪದೆ ಹೋಗುತ್ತಿತ್ತು. ಹೆಂಡತಿ ಸೀರೆಗೆ ಕುಚ್ಚು ಕಟ್ಟುತ್ತಾಳೆ. ಸೂಜಿ, ದಾರ, ಬೆಳಕು ಇದ್ದರೆ ಎಲ್ಲಿ ಕೂತರೂ ಆಗುವ ಕೆಲಸ. ಅವಳೇ ಒಂದು ದಿನ ಹೇಳಿದಳು: "ಹೆಂಗೂ ನೀವು ಗಾಡ್ಯಾಗ ಇರ್ತೀರಿ. ಗಾಡೀನ ಮನಿ ಮಾಡೂಣ ತಗೋರಿ."

ಹಳೆಯ ಟೆಂಪೋ ಟ್ರಾವೆಲರ್ ತಗೊಂಡೆವು. ಎತ್ತರದ ಚಾವಣಿಯದು, ನಿಂತರೆ ತಲೆ ತಾಗುವುದಿಲ್ಲ. ವ್ಯಾನಿನಲ್ಲೇ ಇರೋಕೆ ಇದು ಬಹಳ ಮುಖ್ಯ. ದಿನವಿಡೀ ಬಗ್ಗಿಕೊಂಡು ಅಡುಗೆ ಮಾಡೋಕೆ ಆಗುತ್ತಾ? ಸೀಟು ಕಿತ್ತು ಮಂಚ, ಕಟ್ಟೆ ಕೂರಿಸುವ ಮೊದಲು ಆರ್‌ಟಿಒ ಕೆಲಸ ಮುಗಿಸಿದೆವು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯ ಮೂಲ ರೂಪ ಬದಲಿಸಬೇಕಾದರೆ ಒಪ್ಪಿಗೆ ಬೇಕು, ಬದಲಾದದ್ದು ಆರ್‌ಸಿಯಲ್ಲಿ ಬರಬೇಕು. ವಿಮೆಯವರಿಗೂ ತಿಳಿಸಬೇಕು. ಓಡಾಟ ಸಾಕಷ್ಟಾಯಿತು. ಆದರೆ ಯಾರಾದರೂ ತಡೆದು ಕೇಳಿದಾಗ ಕಾಗದ ತೆಗೆದು ತೋರಿಸುವ ನೆಮ್ಮದಿ ಇದೆಯಲ್ಲ, ಅದಕ್ಕೆ ಆ ಓಡಾಟ ಸಾರ್ಥಕ.

ಒಳಗಿನದೆಲ್ಲ ಕಟ್ಟಿ ಮುಗಿದ ದಿನ ಮಾಡಿದ ಮೊದಲ ಕೆಲಸ, ಗಾಡಿಯನ್ನು ಕಾಟಾ ಮೇಲೆ ಹತ್ತಿಸಿದ್ದು. ನೆಲಮಟ್ಟದ ಕಾಟಾ ಇದ್ದರೆ ಒಂದು ಉಪಾಯ ಇದೆ. ಎಡಗಡೆಯ ಚಕ್ರಗಳನ್ನಷ್ಟೇ ಪ್ಲಾಟ್‌ಫಾರ್ಮಿನ ಅಂಚಿನ ಮೇಲೆ ತಂದು ನಿಲ್ಲಿಸಿದರೆ ಎಡ ಬದಿಯ ಭಾರ ಗೊತ್ತಾಗುತ್ತದೆ. ತಿರುಗಿಸಿಕೊಂಡು ಬಂದು ಬಲಗಡೆಯದು. ನಮ್ಮ ಗಾಡಿ ಎಡಕ್ಕೆ 140 ಕಿಲೋ ಜಾಸ್ತಿ ಇತ್ತು. ನೀರಿನ ಟ್ಯಾಂಕು, ಅಡುಗೆ ಕಟ್ಟೆ, ಬ್ಯಾಟರಿ ಎಲ್ಲವನ್ನೂ ಬಡಗಿ ಒಂದೇ ಬದಿಗೆ ಜೋಡಿಸಿದ್ದ. ಹಾಗೇ ಓಡಿಸಿದ್ದರೆ ಎಡಗಡೆಯ ಪಾಟಾ, ಅಂದರೆ ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿ, ಕೂತುಬಿಡುತ್ತಿತ್ತು, ಟೈರ್ ಒಂದೇ ಕಡೆ ಸವೆಯುತ್ತಿತ್ತು. ಬ್ಯಾಟರಿ, ಅವಜಾರುಗಳ ಪೆಟ್ಟಿಗೆ ಬಲಕ್ಕೆ ಹೋದವು. ವ್ಯಾನಿನಲ್ಲಿ ಬದುಕಬೇಕು ಅನ್ನುವವರಿಗೆ ನನ್ನದೊಂದೇ ಮಾತು: ಸಾಮಾನು ತುಂಬಿಸಿ, ನೀರು ತುಂಬಿಸಿ, ಹತ್ತಿರದ ಕಾಟಾದಲ್ಲಿ ಒಮ್ಮೆ ತೂಗಿಸಿ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕ ದಾಟಿದ್ದೀರಾ ಅಂತ ಅಲ್ಲೇ ತಿಳಿಯುತ್ತದೆ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ, ಮರೆಯಬೇಡಿ.

ಇನ್ನು ಬಿಸಿಲು. ನಮ್ಮ ಕಡೆ ವ್ಯಾನ್ ಜೀವನದ ದೊಡ್ಡ ಪರೀಕ್ಷೆ ಇದೇ. ವಿಜಯಪುರದಲ್ಲಿ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ನಾನು ಬೆಳೆದದ್ದು ಮಣ್ಣಿನ ಮಾಳಿಗೆ ಮನೆಯಲ್ಲಿ. ದಪ್ಪ ಗೋಡೆ, ಮೇಲೆ ಮೊಳದಷ್ಟು ಮಣ್ಣು, ಮಧ್ಯಾಹ್ನ ಒಳಗೆ ಮಲಗಿದರೆ ತಣ್ಣಗೆ. ಅಲ್ಲಿಂದ ತಗಡಿನ ಚಾವಣಿಯ ಕೆಳಗೆ ಬಂದರೆ ಹೇಗಿರಬೇಡ! ತಗಡಿಗೆ ಒಳಗಿನಿಂದ ಕಾವು ತಡೆಯುವ ನೈಟ್ರೈಲ್ ರಬ್ಬರ್ ಶೀಟ್ ಅಂಟಿಸಿ, ಮೇಲಿಂದ ಬಿಳಿ ಬಣ್ಣ ಬಳಿಸಿದೆವು. ವ್ಯತ್ಯಾಸ ಖಂಡಿತ ಆಗುತ್ತದೆ, ಆದರೆ ಬಯಲಲ್ಲಿ ನಿಲ್ಲಿಸಿದರೆ ಯಾವ ಶೀಟೂ ಕಾಪಾಡುವುದಿಲ್ಲ. ನೆರಳೇ ಬೇಕು.

ಇಲ್ಲೇ ಒಂದು ಇಕ್ಕಟ್ಟು. ನಮಗೆ ನೆರಳು ಬೇಕು, ಸೋಲಾರ್ ಪ್ಯಾನೆಲ್‌ಗೆ ಬಿಸಿಲು ಬೇಕು. ಗಾಡಿಯ ಮೇಲೆ ಬಿಗಿದ ಪ್ಯಾನೆಲ್ ಬೇವಿನ ಮರದ ಕೆಳಗೆ ಹೋದರೆ ಕೆಲಸ ಮಾಡುವುದೇ ಇಲ್ಲ. ಒಂದು ಕೊಂಬೆಯ ನೆರಳು ಅಡ್ಡ ಬಿದ್ದರೂ ಕರೆಂಟು ಅರ್ಧಕ್ಕರ್ಧ ಇಳಿಯುತ್ತದೆ. ಕೊನೆಗೆ ಎರಡರಲ್ಲಿ ಒಂದು ಪ್ಯಾನೆಲ್ ಬಿಚ್ಚಿ, ಉದ್ದ ಕೇಬಲ್ ಹಾಕಿ, ಕಬ್ಬಿಣದ ಕಾಲು ಮಾಡಿಸಿದೆ. ಈಗ ಗಾಡಿ ಮರದಡಿ, ಪ್ಯಾನೆಲ್ ಬಯಲಲ್ಲಿ. ಹೆಂಡತಿ ಕುಚ್ಚು ಕಟ್ಟುತ್ತ ಕೂತಿದ್ದವಳು ಹೊತ್ತು ಹೊರಳಿದಂತೆ ಎದ್ದು ಅದರ ಮುಖ ತಿರುಗಿಸುತ್ತಾಳೆ. ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ವಿಷಯ ಇದೆ. ಪ್ಯಾನೆಲ್‌ಗೆ ಬೇಕಾದದ್ದು ಬೆಳಕು, ಬಿಸಿಯಲ್ಲ. ಅದು ಕಾದಷ್ಟೂ ಕೊಡುವ ಕರೆಂಟು ಇಳಿಯುತ್ತದೆ. ಪ್ಯಾನೆಲ್‌ನ ಕಾವು 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಸುಮಾರು 0.4 ಶೇಕಡಾ ಲೆಕ್ಕ. ನಮ್ಮ ಮೇ ತಿಂಗಳ ಸುಡುಬಿಸಿಲಿಗಿಂತ ಡಿಸೆಂಬರ್‌ನ ತಂಪು ಬಿಸಿಲೇ ಎಷ್ಟೋ ಸಲ ಅದಕ್ಕೆ ಒಗ್ಗುತ್ತದೆ.

ಬ್ಯಾಟರಿ ನಮ್ಮದು 12.8 ವೋಲ್ಟಿನ 100 ಆಂಪ್-ಅವರ್ ಲಿಥಿಯಂ. ಸುಮಾರು 1,280 ವ್ಯಾಟ್-ಅವರ್ ಹಿಡಿಯುತ್ತದೆ. ಸಣ್ಣ ಫ್ರಿಜ್ಜು, ಎರಡು ಡಿಸಿ ಫ್ಯಾನು, ದೀಪ, ಫೋನು, ಇಷ್ಟಕ್ಕೆ ಒಂದು ಹಗಲು ರಾತ್ರಿ ಆರಾಮ. ಒಂದು ಬೇಸಿಗೆಯಲ್ಲಿ ಮಧ್ಯಾಹ್ನ ಎಲ್ಲ ಒಟ್ಟಿಗೇ ಆರಿಹೋಯಿತು. ವೈರ್ ಹುಡುಕಿದೆ, ಫ್ಯೂಸ್ ನೋಡಿದೆ, ಏನೂ ಆಗಿರಲಿಲ್ಲ. ಬ್ಯಾಟರಿ ಅತಿಯಾಗಿ ಕಾದು, ಅದರೊಳಗಿನ ರಕ್ಷಣಾ ಸರ್ಕ್ಯೂಟು ತಾನೇ ಬಂದ್ ಮಾಡಿಕೊಂಡಿತ್ತು. ಫ್ರಿಜ್ಜಿನಲ್ಲಿದ್ದ ಹಾಲು ಒಡೆದು, ಹಿಟ್ಟು ಹುಳಿಯಾಗಿ ಚೆಲ್ಲಿತ್ತು. ಸಂಜೆ ತಂಪಾದ ಮೇಲೆ ಬ್ಯಾಟರಿ ಏನೂ ಆಗದವರ ಹಾಗೆ ಮತ್ತೆ ಶುರುವಾಯಿತು. ಅಂದಿನಿಂದ ಅದರ ಪೆಟ್ಟಿಗೆಗೆ ಜಾಳಿಗೆ ಬಾಗಿಲು, ಒಂದು ಪುಟ್ಟ ಫ್ಯಾನು.

ಬೇಸಿಗೆ ರಾತ್ರಿ ನಾವು ಒಳಗೆ ಮಲಗುವುದೇ ಇಲ್ಲ. ಮಡಚುವ ಹೊರಸು ಇದೆ. ಗಾಡಿಯ ಬದಿಗೆ ಹಾಕಿ, ಸೊಳ್ಳೆ ಪರದೆ ಕಟ್ಟಿ, ಆಕಾಶ ನೋಡುತ್ತ ಮಲಗುತ್ತೇವೆ. ಇಲ್ಲಿ ಎಲ್ಲರೂ ಮಾಳಿಗೆ ಮೇಲೋ ಅಂಗಳದಲ್ಲೋ ಮಲಗುವವರೇ, ಯಾರಿಗೂ ಇದು ವಿಚಿತ್ರ ಅನ್ನಿಸುವುದಿಲ್ಲ. ಹಗಲಲ್ಲಿ ಒಣ ಹವೆ ಇರುವುದರಿಂದ ನೀರಿನ ಕೂಲರ್ ಬಲು ಚೆನ್ನಾಗಿ ತಂಪು ಕೊಡುತ್ತದೆ. ಆದರೆ ಅದು ಕುಡಿಯುವ ನೀರನ್ನು ನೋಡಿದರೆ ಎದೆ ಧಸಕ್ ಅನ್ನುತ್ತದೆ.

ಯಾಕೆಂದರೆ ನಮ್ಮ ಟ್ಯಾಂಕು 60 ಲೀಟರಿನದು. ಮನೆಯಲ್ಲಿ ಒಬ್ಬರ ಸ್ನಾನಕ್ಕೇ ಎರಡು ಬಕೆಟ್ ಹೋಗುತ್ತದೆ, ಅಲ್ವಾ? ವಿಜಯಪುರ ಜಿಲ್ಲೆಯಲ್ಲಿ ನೀರು ಸಿಗುವುದು ಒಂದು ಮಾತು, ಸಿಹಿನೀರು ಸಿಗುವುದು ಇನ್ನೊಂದು. ಎಷ್ಟೋ ಬೋರ್‌ವೆಲ್‌ಗಳಲ್ಲಿ ಸವಳು ನೀರು. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಪಂಪಿನ ಬಾಯಲ್ಲಿ ಬಿಳಿ ಪದರ ಕಟ್ಟುತ್ತದೆ. ಹಾಗಾಗಿ ನಮ್ಮಲ್ಲಿ ಎರಡು ಲೆಕ್ಕ. ಟ್ಯಾಂಕಿಗೆ ಯಾವ ನೀರಾದರೂ ನಡೆಯುತ್ತದೆ, ಕುಡಿಯೋಕೆ, ಅಡುಗೆಗೆ ಬೇರೆ ಕ್ಯಾನ್. ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕ ಬಂದಿರುವುದು ನಮ್ಮಂಥವರಿಗೆ ದೊಡ್ಡ ಉಪಕಾರ. ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ಸರದಿಯಲ್ಲಿ ನಿಂತಾಗಲೇ ಊರಿನ ಸುದ್ದಿಯೆಲ್ಲ ಗೊತ್ತಾಗುತ್ತದೆ, ಗಾಡಿ ನಿಲ್ಲಿಸೋಕೆ ಎಲ್ಲಿ ನೆರಳಿದೆ ಅನ್ನುವುದೂ.

ಬಚ್ಚಲು, ಸಂಡಾಸದ ವಿಷಯ ಮುಚ್ಚಿಡುವುದು ಬೇಡ, ಕೇಳುವವರೆಲ್ಲ ಕಡೆಗೆ ಅದನ್ನೇ ಕೇಳುತ್ತಾರೆ. ಗಾಡಿಯಲ್ಲಿ ರಾತ್ರಿಯ ಅವಸರಕ್ಕೆ ಒಂದು ಪೋರ್ಟಬಲ್ ಡಬ್ಬ ಇದೆ. ಉಳಿದಂತೆ ಪೆಟ್ರೋಲ್ ಬಂಕು, ಬಸ್ ನಿಲ್ದಾಣ, ನಾನು ಕೆಲಸ ಮಾಡುವ ಕಾರ್ಖಾನೆಯ ಶೌಚಾಲಯ. ಬಂಕುಗಳಲ್ಲಿ ಶೌಚಾಲಯ, ಕುಡಿಯುವ ನೀರು, ಟೈರಿಗೆ ಗಾಳಿ ಪುಕ್ಕಟೆ ಕೊಡಬೇಕು ಅಂತ ನಿಯಮವೇ ಇದೆ. ಆದರೆ ಹೆಂಗಸರ ಶೌಚಾಲಯಕ್ಕೆ ಬೀಗ ಹಾಕಿ ಕೀಲಿ ಕಳೆದಿದೆ ಅನ್ನುವ ಬಂಕುಗಳು ಬೇಕಾದಷ್ಟು. ನನಗೆ ಬಂಕಿನ ಹಿಂದಿನ ತೊಟ್ಟಿಯ ಹತ್ತಿರ ಲಾರಿ ಚಾಲಕರ ಜೊತೆ ನಾಲ್ಕು ತಂಬಿಗೆ ಸುರಿದುಕೊಂಡರೆ ಸ್ನಾನವಾಯಿತು. ಅವಳಿಗೆ ಹಾಗಾಗುವುದಿಲ್ಲ. ಈ ಜೀವನದ ಭಾರ ಅವಳ ಮೇಲೆ ಜಾಸ್ತಿ ಬೀಳುವುದು ಇಲ್ಲೇ. ಅದಕ್ಕೆ ದಾರಿ ಹುಡುಕಿಕೊಂಡವಳೂ ಅವಳೇ. ಕುಚ್ಚಿನ ಕೆಲಸದಿಂದ ಊರೂರಲ್ಲಿ ಪರಿಚಯವಾಗಿದ್ದಾರೆ. ಮುಧೋಳದಲ್ಲಿ ಒಬ್ಬ ಖಾನಾವಳಿ ಅಕ್ಕ ಇದ್ದಾರೆ. ನಾವು ಬಂದೆವು ಅಂದರೆ, "ಯವ್ವಾ, ಮೊದಲ ಜಳಕಾ ಮಾಡಿ ಬಾ, ಹಂಡೇದಾಗ ನೀರು ಕಾದಾವ" ಅನ್ನುತ್ತಾರೆ. ಅವರ ಸೀರೆಗೆ ಕುಚ್ಚು ಇವಳು ದುಡ್ಡು ತಗೊಳ್ಳದೆ ಕಟ್ಟುತ್ತಾಳೆ.

ಊಟಕ್ಕೆ ಮಾತ್ರ ನಮ್ಮ ಸೀಮೆಯಷ್ಟು ಅನುಕೂಲ ಬೇರೆಲ್ಲೂ ಇಲ್ಲ ಅಂತ ಎದೆ ತಟ್ಟಿ ಹೇಳುತ್ತೇನೆ. ವ್ಯಾನಿನೊಳಗೆ ಜೋಳದ ರೊಟ್ಟಿ ಬಡಿಯೋಕೆ ಆಗುವುದಿಲ್ಲ. ಕಟ್ಟೆ ಅಲುಗುತ್ತದೆ, ಹಿಟ್ಟು ಎಲ್ಲ ಕಡೆ ಹಾರುತ್ತದೆ, ಹೆಂಚಿನ ಕಾವಿಗೆ ಒಳಗೆ ನಿಲ್ಲೋಕಾಗಲ್ಲ. ಬಡಿಯುವ ಅಗತ್ಯವೂ ಇಲ್ಲ. ಕಡಕ್ ರೊಟ್ಟಿ ಕಟ್ಟಿಟ್ಟುಕೊಂಡರೆ ವಾರಗಟ್ಟಲೆ ಕೆಡುವುದಿಲ್ಲ, ಫ್ರಿಜ್ಜು ಬೇಡ, ಗ್ಯಾಸು ಬೇಡ. ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ ಡಬ್ಬಿಗಳಲ್ಲಿ. ಮೊಸರು, ಉಳ್ಳಾಗಡ್ಡಿ ಸಿಕ್ಕರೆ ಮುಗಿಯಿತು. ಬಾದಾಮಿಯ ಬನಶಂಕರಿಗೆ ಹೋದರೆ ಗುಡಿಯ ಹತ್ತಿರ ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಕೆಂಪು ಚಟ್ನಿ ಇಟ್ಟುಕೊಂಡು, ಪುಟ್ಟ ಗಡಿಗೆಯಲ್ಲಿ ಮೊಸರು ಮಾರುವ ಹೆಂಗಸರಿರುತ್ತಾರೆ. ಆ ಮೊಸರಿನ ಕೆನೆ ಬೆರಳಿಗೆ ಅಂಟುವಷ್ಟು ದಪ್ಪ. ಬನದ ಹುಣ್ಣಿಮೆ ಜಾತ್ರೆ ಹೊತ್ತಿನಲ್ಲಿ ಮಾತ್ರ ಗಾಡಿ ಅತ್ತ ತಿರುಗಿಸುವ ಮಾತಿಲ್ಲ.

ಅನ್ನ, ಸಾರು, ಚಹಾಕ್ಕೆ 5 ಕಿಲೋ ಸಿಲಿಂಡರ್ ಇದೆ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ. ಅದಕ್ಕೆ ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೂತು ಹೊಡೆಸಿದ್ದೇವೆ. ಬಾಗಿಲು ತೆರೆಯದೆ ಒಲೆ ಹಚ್ಚುವುದಿಲ್ಲ. ಇದರಲ್ಲಿ ಮಳೆ, ಚಳಿ ಅಂತ ರಿಯಾಯ್ತಿ ಇಲ್ಲ.

ಎರೆ ಮಣ್ಣಿನ ಮಾತು ಹೇಳಲೇಬೇಕು. ಬೀಳಗಿ ಕಡೆ ಒಂದು ಹೊಲದ ಬದಿಗೆ, ಹೊಲದವರನ್ನು ಕೇಳಿಯೇ ಗಾಡಿ ಹಾಕಿದ್ದೆವು. ನೆಲ ಕಲ್ಲಿನಷ್ಟು ಗಟ್ಟಿ, ಬಿರುಕು ಬಿಟ್ಟಿತ್ತು. ರಾತ್ರಿ ಅಡ್ಡಮಳೆ ಬಂತು. ಬೆಳಗ್ಗೆ ಬಾಗಿಲು ತೆಗೆದರೆ ಮೆಟ್ಟಿಲು ನೆಲಕ್ಕೆ ಹತ್ತಿರ ಬಂದಿತ್ತು. ಎರೆ ನೀರು ಕುಡಿದರೆ ಉಬ್ಬಿ ಬೆಣ್ಣೆಯ ಹಾಗಾಗುತ್ತದೆ. ಹಿಂದಿನ ಚಕ್ರ ಅರ್ಧ ಮುಳುಗಿತ್ತು, ಟೈರಿನ ಗೀರುಗಳಲ್ಲಿ ಮಣ್ಣು ತುಂಬಿ ಹಿಡಿತವೇ ಇಲ್ಲ. ಹೊಲದ ಕಾಕಾ ಬಂದು ಸುತ್ತ ನೋಡಿದರು. "ಈಗ ಎಳದ್ರ ಇನ್ನಷ್ಟ ಇಳೀತೈತ್ರಿ ಸರ. ಬಿಸಲ ಬೀಳಲಿ, ಮ್ಯಾಲಿನ ಪದರ ಆರಲಿ. ಅಲ್ಲೀತನ ಚಾ ಕುಡೂಣ ಬರ್ರಿ." ಅವರ ಮಾತು ಕೇಳಿದ್ದಕ್ಕೆ ಗಾಡಿ ಉಳಿಯಿತು. ಮಧ್ಯಾಹ್ನದ ಮೇಲೆ ಸಲಿಕೆಯಿಂದ ಚಕ್ರದ ಮುಂದಿನ ಮಣ್ಣು ಕೆರೆದು, ಗೋಣಿ ತಟ್ಟು, ತೊಗರಿ ಕಟ್ಟಿಗೆ ಹಾಸಿ, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ನಿಧಾನವಾಗಿ ಎಳೆದರು. ಡೀಸೆಲ್ ಖರ್ಚು ಸಹ ಮುಟ್ಟಲಿಲ್ಲ. ಮುಂದಿನ ಎಳ್ಳಮಾಸಿಗೆ ಫೋನ್ ಮಾಡಿ ಕರೆದರು. ಅದೇ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಉಂಡು ಬಂದೆವು. ಗಾಡಿ ಮಾತ್ರ ಡಾಂಬರು ರಸ್ತೆಯ ಮೇಲೇ ಇತ್ತು.

ಆಲಮಟ್ಟಿ ಹಿನ್ನೀರಿನ ದಂಡೆಯದೂ ಇಂಥದೇ ಲೆಕ್ಕ. ಜಲಾಶಯ ತುಂಬಿದಾಗ ನೀರು ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರಕ್ಕೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಹಾಯಾಗಿ ಗಾಳಿಗೆ ಕೂತ ಜಾಗ ಆಗಸ್ಟಿನಲ್ಲಿ ನೀರಡಿ ಹೋಗಿರುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದ್ದನ್ನು ಕಂಡವರು ನಾವು. ಮಳೆಗಾಲದಲ್ಲಿ ಹೊಳೆ ದಂಡೆ ಎಷ್ಟೇ ಚೆಂದ ಕಂಡರೂ ರಾತ್ರಿ ನಿಲ್ಲುವುದಿಲ್ಲ.

ಮಳೆಗಾಲ ಬೆಳಗಾವಿ ಕಡೆ ಕಳೆಯುತ್ತೇವೆ. ಕಾರ್ಖಾನೆಗಳು ನಿಂತಿರುತ್ತವೆ, ಕಾಟಾ ದುರಸ್ತಿ, ತೂಕ ಸರಿಯಿದೆ ಅನ್ನುವ ಸರ್ಕಾರದ ವರ್ಷದ ಮುದ್ರೆ ಹಾಕಿಸುವ ಕೆಲಸಕ್ಕೆ ಅದೇ ಹೊತ್ತು. ಬೆಳಗಾವಿಯ ತಂಪಿಗೆ ಫ್ಯಾನೇ ಬೇಡ, ಕೌದಿ ಹೊದ್ದು ಮಲಗುವ ಸುಖ. ಕೆಲಸ ಮುಗಿಸಿ ಬರುವಾಗ ಕುಂದಾ ಕಟ್ಟಿಸಿಕೊಂಡು ಬಂದರೆ ಇಬ್ಬರಿಗೂ ಹಬ್ಬ. ಆದರೆ ಖಾನಾಪುರದ ಮಳೆ ಶುರುವಾಯಿತು ಅಂದರೆ ಬಟ್ಟೆ ಒಣಗುವುದಿಲ್ಲ, ಹಾಸಿಗೆಯಡಿ ಬೂಸಲು ಬರುತ್ತದೆ, ಪ್ಯಾನೆಲ್ ಹೆಸರಿಗಷ್ಟೇ. ಆಗ ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ತುಂಬುವ ಚಾರ್ಜರೇ ಗತಿ. ಒಮ್ಮೆ ಒದ್ದೆ ಸೀರೆಗಳ ನಡುವೆ ಗಿರಾಕಿಯ ರೇಷ್ಮೆ ಸೀರೆ ಇಟ್ಟುಕೊಂಡು ಹೆಂಡತಿ ಅತ್ತೇಬಿಟ್ಟಳು. ಕಲೆ ಬಿದ್ದರೆ ಯಾರು ಕಟ್ಟಿಕೊಡುತ್ತಾರೆ? ಈಗ ಗಿರಾಕಿ ಸೀರೆಗಳಿಗೆ ರಬ್ಬರ್ ಅಂಚಿನ ತಗಡಿನ ಪೆಟ್ಟಿಗೆ ಇದೆ. ಮಂಚಕ್ಕೆ ಹಲಗೆ ತೆಗೆದು, ಗಾಳಿಯಾಡುವ ಹಾಗೆ ಪಟ್ಟಿ ಹೊಡೆಸಿದ್ದೇವೆ.

ಹಂಗಾಮು ಶುರುವಾದರೆ ದುಡಿಮೆ ಚೆನ್ನ, ನಿದ್ದೆ ಇಲ್ಲ. ಕಾರ್ಖಾನೆ ಆವರಣದಲ್ಲಿ ನಿಂತರೆ ರಾತ್ರಿಯಿಡೀ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಾಕಿಕೊಂಡು ಬರುತ್ತವೆ. ಚಿಮಣಿಯಿಂದ ಕಪ್ಪು ಬೂದಿ ಉದುರಿ ಪ್ಯಾನೆಲ್ ಮೇಲೆ ಕೂರುತ್ತದೆ, ಬೆಳಗ್ಗೆ ಒರೆಸದಿದ್ದರೆ ಕರೆಂಟಿಲ್ಲ. ಬಾದಾಮಿಯ ಅಗಸ್ತ್ಯ ತೀರ್ಥದ ಹತ್ತಿರ ಕೋತಿಗಳ ಕಾಟ ಬೇರೆ. ಚಾವಣಿ ಕಿಂಡಿಯ ಸೊಳ್ಳೆ ಜಾಳಿಗೆ ಹರಿದು ಒಳಗಿಳಿದು ರೊಟ್ಟಿ ಗಂಟನ್ನೇ ಒಯ್ದವು.

ಅಪರಿಚಿತ ಊರಲ್ಲಿ ಸುಮ್ನೆ ಹೋಗಿ ನಿಲ್ಲಿಸಿಬಿಡುವುದು ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕತ್ತಲಾಗುವ ಮೊದಲು ಗುಡಿಯ ಪೂಜಾರಿಗೋ, ಕಿರಾಣಿ ಅಂಗಡಿಯವರಿಗೋ ಹೇಳುತ್ತೇವೆ. ಮೊದಲು ಬರುವ ಪ್ರಶ್ನೆ, "ಯಾವೂರ್ರಿ ನಿಮ್ದು? ಗಾಡ್ಯಾಗ ಮನಿ ಮಾಡೀರೇನ್ರಿ?" ಒಳಗೆ ಕರೆದು ತೋರಿಸುತ್ತೇವೆ. ಒಲೆ, ದೇವರ ಫೋಟೋ, ಒಗ್ಗರಣೆ ಡಬ್ಬಿ ಕಂಡ ಮೇಲೆ ಅನುಮಾನ ಹೋಗುತ್ತದೆ. ಬೀಟ್ ಪೊಲೀಸರು ರಾತ್ರಿ ಗಾಜು ತಟ್ಟಿದಾಗಲೂ ಊರವರೇ ಮುಂದೆ ಬಂದು ನಮ್ಮ ಪರವಾಗಿ ಹೇಳಿದ್ದುಂಟು.

ಆದರೆ ಗಾಡಿ ಕೆಟ್ಟಾಗ ಆಗುವ ಅಸಹಾಯಕತೆಗೆ ಇನ್ನೂ ನಾವು ಒಗ್ಗಿಲ್ಲ. ಗಾಡಿ ಗ್ಯಾರೇಜಿಗೆ ಹೋದರೆ ಮನೆಯೇ ಗ್ಯಾರೇಜಿಗೆ ಹೋದಂತೆ. ಕ್ಲಚ್ ಪ್ಲೇಟ್ ಹೋದಾಗ ವಿಜಯಪುರದ ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಇಳಿಸಿದ್ದರು. ಬಿಡಿಭಾಗ ಬರಲಿಲ್ಲ. ಜ್ಯಾಕ್ ಮೇಲೆ ನಿಂತ ಗಾಡಿಯೊಳಗೆ ಹತ್ತೋದು ಬೇಡ ಅಂತ ಮಿಸ್ತ್ರಿ ಹೇಳಿದರು. ಅದು ನ್ಯಾಯವೇ. ಉಟ್ಟ ಬಟ್ಟೆಯಲ್ಲಿ, ಕೈಯಲ್ಲಿ ಮೊಸರಿನ ಡಬ್ಬಿ ಹಿಡಿದುಕೊಂಡು ತಮ್ಮನ ಮನೆಗೆ ಹೋದೆವು. ನನಗೆ ಜ್ವರ ಬಂದಾಗಲೂ ಅಲ್ಲಿಗೇ. ನಂಬಿಕೆಯ ಒಂದು ಪಕ್ಕಾ ಮನೆ ಎಲ್ಲಾದರೂ ಇಲ್ಲದವರು ಈ ಜೀವನಕ್ಕೆ ಇಳಿಯುವ ಮೊದಲು ಇನ್ನೊಮ್ಮೆ ಯೋಚಿಸಬೇಕು. ಕೈಯಲ್ಲಿ ರಿಪೇರಿಗಂತ ಬೇರೆ ದುಡ್ಡು ಇಟ್ಟಿರಬೇಕು. ನಾವು ತಿಂಗಳಿಗೆ ಹಳೆಯ ಬಾಡಿಗೆಯಷ್ಟನ್ನು ಅದಕ್ಕೇ ಎತ್ತಿಡುತ್ತೇವೆ.

ಈಗ ಬೆಳಗಾವಿಯ ಕೆಲಸ ಮುಗಿಯುತ್ತ ಬಂತು. ಕಾರ್ಖಾನೆಗಳು ಶುರುವಾಗುವ ಮೊದಲು ಗೋಕಾಕದಲ್ಲಿ ವೆಲ್ಡಿಂಗ್ ಮಾಡಿಸುವುದಿದೆ. ಪಕ್ಕದ ಬಾಗಿಲಿಗೆ ತಾಡಪತ್ರಿಯ ಮಡಚುವ ಚಪ್ಪರ, ಅದರ ಅಂಚಿಗೆ ಮೂರು ಕಡೆ ಪರದೆ, ಹಿಂದೆ ನೀರು ಹರಿಯೋಕೆ ಪೈಪು. ಅಷ್ಟಾದರೆ ಹೆಂಡತಿಯ ಜಳಕಕ್ಕೆ ಸ್ವಂತ ಬಚ್ಚಲಾಗುತ್ತದೆ. ಅಳತೆ ಅವಳೇ ತೆಗೆದು ಚೀಟಿಯಲ್ಲಿ ಬರೆದಿಟ್ಟಿದ್ದಾಳೆ. ತೂಕ ಎಷ್ಟು ಏರುತ್ತದೆ ಅಂತ ನಾನು ಕಾಟಾ ಮೇಲೆ ನೋಡಬೇಕು.